ಚರ್ಮದ ರೋಗಕ್ಕೆ ಒಳಮದ್ದು

ಸೊರಬ, ಶಿಕಾರಿಪುರ ಸೀಮೆಯಲ್ಲಿ ಮೈಮೇಲೆ ಏಳುವ ಕಾಯಿಲೆಗೆ ಮದ್ದು ಎರಡು ಬಗೆ. ಅರೆದು, ತೇದು, ಎಣ್ಣೆಯಲ್ಲಿ ಕಾಯಿಸಿ ಮೇಲೆ ಹಚ್ಚುವುದು ಹೊರಮದ್ದು. ಕುಡಿಯುವುದು, ನುಂಗುವುದು ಒಳಮದ್ದು. ಹೊರಮದ್ದು ಯಾವ ಹಿತ್ತಲಲ್ಲೂ ಸಿಗುತ್ತದೆ: ಕಹಿಬೇವು, ಅರಿಶಿನ, ಹೊಂಗೆ ಎಣ್ಣೆ, ಹುಳುಕಡ್ಡಿಗೆ ತಗಚೆ ಸೊಪ್ಪು, ಕಜ್ಜಿಗೆ ಗಂಧಕ. ಒಳಮದ್ದು ಕೊಡುವುದಕ್ಕೆ ಮಾತ್ರ ತಿಳಿದವರು ಬೇಕು. ಗುಳ್ಳೆ ಎದ್ದದ್ದು ಕಾಲಿನ ಮೇಲೆ, ಮದ್ದು ಹೋಗುವುದು ಹೊಟ್ಟೆಗೆ. ಇವೆರಡಕ್ಕೂ ನಂಟು ಹೇಗೆ ಎಂಬ ಪ್ರಶ್ನೆಗೆ ನಾಟಿ ವೈದ್ಯರ ಉತ್ತರ ‘ರಕ್ತ ಕೆಟ್ಟಿದೆ’ ಎಂಬ ಎರಡೇ ಮಾತು. ರಕ್ತ ಕೆಟ್ಟಿದ್ದರೆ ಮೇಲೆ ಎಷ್ಟು ಹಚ್ಚಿದರೂ ಒಂದು ಕಡೆ ಮಾಯ್ದು ಇನ್ನೊಂದು ಕಡೆ ಏಳುತ್ತದೆ. ಆದ್ದರಿಂದಲೇ ಹುಣ್ಣಿದ್ದವರಿಗೆ ಪಥ್ಯ: ಬದನೆಕಾಯಿ ನಂಜು, ಒಣಮೀನು ನಂಜು. ಕಾರಣ ಹೇಳುವಲ್ಲಿ ಈ ತಿಳಿವಳಿಕೆ ತಪ್ಪಿರಬಹುದು, ದಾರಿ ತೋರಿಸುವಲ್ಲಿ ತಪ್ಪಲಿಲ್ಲ. ಚರ್ಮಕ್ಕೆ ಹತ್ತಿದ, ಒಬ್ಬರಿಂದೊಬ್ಬರಿಗೆ ಅಂಟುವ ಕೆಲವು ರೋಗಗಳು ಕೊನೆಗೆ ಸೋತದ್ದು ನುಂಗುವ ಮದ್ದಿಗೇ.

ಹೊಸಬಾಳೆಯಂಥ ಸೊರಬದ ಹಳ್ಳಿಗಳಲ್ಲಿ ಚರ್ಮದ ಕಾಯಿಲೆಗೆ ಮಳೆಗಾಲವೇ ಸುಗ್ಗಿ. ಗದ್ದೆಯ ಕೆಸರಿನಲ್ಲಿ ದಿನವಿಡೀ ನಿಂತವರ ಕಾಲ್ಬೆರಳ ಸಂದಿಗೆ ಕೆಸರುಹುಣ್ಣು. ಕಾಡಂಚಿನಲ್ಲಿ ದನ ಕಾಯುವವರಿಗೆ ಇಂಬಳ, ಉಣುಗು. ಅವು ಕಚ್ಚಿದ ಕಡೆ ತುರಿಸಿ, ಉಗುರು ತಾಗಿ, ಎರಡು ದಿನಕ್ಕೆ ಅಲ್ಲಿ ನೀರ್ಗುಳ್ಳೆ, ನಾಲ್ಕು ದಿನಕ್ಕೆ ಕೀವು. ಮಕ್ಕಳ ಮೂಗಿನ ಕೆಳಗೆ, ಬಾಯಿಯ ಸುತ್ತ ಏಳುವ ಕೀವುಗುಳ್ಳೆ ಒಡೆದರೆ ಬೆಲ್ಲದ ಪಾಕ ಒಣಗಿದಂತೆ ಹಳದಿ ಹಕ್ಕಳೆ ಕಟ್ಟುತ್ತದೆ. ಒಂದೇ ಚಾಪೆ, ಒಂದೇ ಟವೆಲಿನ ಮನೆಯಲ್ಲಿ ವಾರದೊಳಗೆ ಅಕ್ಕನಿಂದ ತಮ್ಮನಿಗೆ, ತಮ್ಮನಿಂದ ನೆರೆಮನೆಯ ಮಗುವಿಗೆ. ಇದು ಬಂದು ಹೋಗುವ ಕಾಯಿಲೆ, ಇದಕ್ಕಾಗಿ ಯಾರನ್ನೂ ಊರು ಬಿಡಿಸಲಿಲ್ಲ. ಊರು ಬಿಡಿಸಿದ್ದು ಇನ್ನೊಂದು. ಅದೂ ಬ್ಯಾಕ್ಟೀರಿಯದಿಂದಲೇ ಬರುವುದು, ಅದೂ ಮೊದಲು ಕಾಣಿಸಿಕೊಳ್ಳುವುದು ಚರ್ಮದ ಮೇಲೆಯೇ. ಆದರೆ ನೋಯುವುದಿಲ್ಲ, ತುರಿಸುವುದಿಲ್ಲ. ಮಹಾರೋಗ ಎಂದು ಜನ ಕರೆದ ಕುಷ್ಠ ಅದು. ನುಂಗುವ ಮದ್ದಿನ ಚರಿತ್ರೆಯೆಂದರೆ ಬಹುಪಾಲು ಈ ಕುಷ್ಠದ ಚರಿತ್ರೆಯೇ.

ಹಳೆಯ ಗ್ರಂಥಗಳ ‘ಕುಷ್ಠ’ ಮತ್ತು ಇಂದಿನ ಕುಷ್ಠ ಒಂದೇ ಅಲ್ಲ. ಆಯುರ್ವೇದದಲ್ಲಿ ಆ ಪದ ಚರ್ಮದ ಕೇಡುಗಳಿಗೆಲ್ಲ ಹೊದಿಸಿದ ಕಂಬಳಿ: ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ, ಒಟ್ಟು ಹದಿನೆಂಟು. ಹುಳುಕಡ್ಡಿಯೂ ಇಸಬೂ ಅದರೊಳಗೇ ಬರುತ್ತವೆ. ಕನ್ನಡದ ‘ತೊನ್ನು’ ಕೂಡ ಹೀಗೆಯೇ ಎರಡು ದೋಣಿಯಲ್ಲಿ ಕಾಲಿಟ್ಟ ಪದ. ಇಂದು ಅದಕ್ಕೆ ಬಿಳಿ ಮಚ್ಚೆ ಎಂದಷ್ಟೇ ಅರ್ಥ, ಹಿಂದೆ ಕುಷ್ಠಕ್ಕೂ ಅದೇ ಹೆಸರಿತ್ತು. ಬಣ್ಣಗೆಟ್ಟ ಮೈ ಒಂದು, ಸ್ಪರ್ಶಗೆಟ್ಟ ಮೈ ಇನ್ನೊಂದು. ಮೊದಲನೆಯದು ಯಾರಿಗೂ ಅಂಟುವುದಿಲ್ಲ. ಹೆಸರು ಒಂದೇ ಆದುದರಿಂದ ಅಂಟದ ಕಾಯಿಲೆಯವರೂ ಅಂಟುವ ಕಾಯಿಲೆಯ ಅವಮಾನ ಉಂಡರು. ಆದರೂ ಸುಶ್ರುತಸಂಹಿತೆಯ ಒಂದು ಮಾತು ಬೆರಗು ಹುಟ್ಟಿಸುವಂಥದು. ಜೊತೆಯಲ್ಲಿ ಉಣ್ಣುವುದು, ಒಂದೇ ಹಾಸಿಗೆಯಲ್ಲಿ ಮಲಗುವುದು, ಒಬ್ಬರ ಬಟ್ಟೆ ಇನ್ನೊಬ್ಬರು ತೊಡುವುದು, ಮೈಗೆ ಮೈ ತಾಗುವುದು, ಇವುಗಳಿಂದ ಕುಷ್ಠ, ಜ್ವರ, ಕ್ಷಯ, ಕಣ್ಣುಬೇನೆ ಮನುಷ್ಯರಿಂದ ಮನುಷ್ಯರಿಗೆ ದಾಟುತ್ತವೆ ಎಂದು ಅದು ಹೇಳುತ್ತದೆ. ಸೂಕ್ಷ್ಮದರ್ಶಕ ಹುಟ್ಟುವುದಕ್ಕೆ ಶತಮಾನಗಳ ಮುಂಚೆ ಬರೆದ ಪಟ್ಟಿ ಇದು.

ಅಂಟುವ ರೋಗಿಯನ್ನು ಊರು ಏನು ಮಾಡಬೇಕು ಎಂಬುದಕ್ಕೆ ಒಂದು ಉತ್ತರ ಈ ಸೀಮೆಯಲ್ಲೇ ಕಲ್ಲಿನ ಮೇಲಿದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾವಿರ ಎಂಬ ನಾಡಿನ ರಾಜಧಾನಿ. ಐದು ಮಠ, ಮೂರು ಪುರ, ಏಳು ಬ್ರಹ್ಮಪುರಿಗಳಿದ್ದ ಪಟ್ಟಣ. ಅಲ್ಲಿಯ ಕೇದಾರೇಶ್ವರ ಗುಡಿಗೆ ಸೇರಿದ್ದ ಕಾಳಾಮುಖ ಶೈವರ ಮಠ ಕೆರೆಯ ಕೋಡಿಯ ಬಳಿ ಇದ್ದುದರಿಂದ ಕೋಡಿಯಮಠ ಎನಿಸಿತು. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಈ ಮಠವನ್ನು ವರ್ಣಿಸುತ್ತದೆ. ವ್ಯಾಕರಣ, ಷಡ್ದರ್ಶನ, ಪುರಾಣ, ಕಾವ್ಯ, ನಾಟಕಗಳ ಓದು ನಡೆಯುವ ಜಾಗ ಎಂದ ಮೇಲೆ ಶಾಸನಕಾರ ಪಟ್ಟಿಯನ್ನು ಅಲ್ಲಿಗೇ ನಿಲ್ಲಿಸುವುದಿಲ್ಲ. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಕಥೆ ಹೇಳುವವರಿಗೆ, ಹಾಡುವವರಿಗೆ, ಕುಣಿಯುವವರಿಗೆ, ನಾನಾ ದೇಶದ ಭಿಕ್ಷುಕರಿಗೆ ಅನ್ನ ನೀಡುವ ಜಾಗ. ದಿಕ್ಕಿಲ್ಲದ ರೋಗಿಗಳ ರೋಗಕ್ಕೆ ಔಷಧ ದೊರೆಯುವ ಜಾಗ. ಎಲ್ಲ ಜೀವಿಗಳಿಗೂ ಅಭಯದ ಜಾಗ ಎಂದು ಮುಂದುವರಿಯುತ್ತಾನೆ. ಬಿ. ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಇದನ್ನು ಅಚ್ಚು ಹಾಕಿಸಿದ ಮೇಲೆ ಕರ್ನಾಟಕದ ಚರಿತ್ರೆ ಬರೆದವರೆಲ್ಲ ಈ ಮಠದ ಮುಂದೆ ನಿಂತು ಹೋಗಿದ್ದಾರೆ. ಶಾಸನ ಯಾವ ರೋಗದ ಹೆಸರನ್ನೂ ಹೇಳುವುದಿಲ್ಲ. ಗಮನಿಸಬೇಕಾದ್ದು ಅನ್ನ ಮತ್ತು ಔಷಧ ಒಂದೇ ಅಂಗಳದಲ್ಲಿ ಸಿಗುತ್ತಿತ್ತೆಂಬುದು. ಕುಷ್ಠರೋಗಿಗೆ ಎರಡೂ ಬೇಕು. ಕಾಯಿಲೆ ಕೈ ಹಿಡಿದವನಿಗೆ ಮೊದಲು ತಪ್ಪುವುದು ಅನ್ನ.

ಆ ಕಾಲದ ವೈದ್ಯ ಪುಸ್ತಕಗಳಿಗೂ ಈ ಸೀಮೆ ದೂರವಿರಲಿಲ್ಲ. ಬಳ್ಳಿಗಾವಿಯನ್ನಾಳಿದ ಕಲ್ಯಾಣದ ಚಾಲುಕ್ಯರ ಕಾಲದಲ್ಲೇ, ಸುಮಾರು 1025ರಲ್ಲಿ, ಚಾವುಂಡರಾಯನ ‘ಲೋಕೋಪಕಾರ’ ಹುಟ್ಟಿತು. ಬಾವಿ ತೋಡುವುದರಿಂದ ಹಿಡಿದು ಅಡುಗೆಯವರೆಗೆ ಸಂಸಾರಿಗೆ ಬೇಕಾದ್ದನ್ನೆಲ್ಲ ಹೇಳುವ ಆ ಗ್ರಂಥದಲ್ಲಿ ವೈದ್ಯಕ್ಕೂ ಪಾಲಿದೆ. ಮುಂದಿನ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ಗ್ರಂಥವನ್ನು ಅನುಸರಿಸಿ ‘ಕರ್ಣಾಟಕ ಕಲ್ಯಾಣಕಾರಕ’ ಬರೆದ. ಮದ್ಯ, ಮಾಂಸ, ಮಧು ಬಳಸದ ಚಿಕಿತ್ಸೆ ಅದರ ಪಟ್ಟು. 

ಪುಸ್ತಕಕ್ಕಿಂತ ಹತ್ತಿರದಲ್ಲಿದ್ದದ್ದು ಮರ. ಪಶ್ಚಿಮಘಟ್ಟದ ಹಳ್ಳಗಳ ದಂಡೆಯಲ್ಲಿ, ನಿತ್ಯಹಸಿರಿನ ಕಾಡಿನಲ್ಲಿ ಬೆಳೆಯುವ ಸುರಂಟಿ ಅಥವಾ ಗರುಡಫಲ ಎಂಬ ಮರ ಅದು. ಗುಂಡಗಿನ ಕಾಯಿ, ಗಟ್ಟಿ ತೊಗಟೆ, ಒಳಗೆ ಒತ್ತಾಗಿ ಜೋಡಿಸಿದಂತೆ ಎಣ್ಣೆಬೀಜ. ಕಾಯಿ ಜಜ್ಜಿ ಹಳ್ಳಕ್ಕೆ ಹಾಕಿ ಮೀನಿಗೆ ಮತ್ತು ಬರಿಸಿ ಹಿಡಿಯುವುದುಂಟು. ಬೀಜದಿಂದ ಬರುವ ಎಣ್ಣೆ ಹಳದಿ, ಚಳಿಗೆ ತುಪ್ಪದಂತೆ ಹೆಪ್ಪುಗಟ್ಟುತ್ತದೆ, ವಾಸನೆ ಮೂಗಿಗೆ ಹಿತವಲ್ಲ. ಸುಶ್ರುತ ಇದನ್ನು ‘ತುವರಕ’ ಎನ್ನುತ್ತಾನೆ, ಸಿಗುವ ಜಾಗವನ್ನೂ ಹೇಳುತ್ತಾನೆ: ಪಡುವಣ ಕಡಲಿನ ತೀರದ ನೆಲ, ಅಲೆಯ ಗಾಳಿಗೆ ಕೊಂಬೆ ತೂಗುವ ಮರ. ಕೊಂಕಣದಿಂದ ಕೇರಳದವರೆಗಿನ ಕರಾವಳಿ ಮತ್ತು ಅದರ ಬೆನ್ನಿಗಿರುವ ಘಟ್ಟವೇ ಈ ವಿಳಾಸ.

ಎಣ್ಣೆ ತೆಗೆಯುವ ಕ್ರಮ ಗ್ರಂಥದಲ್ಲಿ ಅಡುಗೆಯ ವಿಧಾನದಷ್ಟು ವಿವರವಾಗಿದೆ. ಮಳೆಗಾಲ ಹತ್ತಿರವಾದಾಗ ಹಣ್ಣು ಕೂಡಿಸಬೇಕು. ಬೀಜ ಒಣಗಿಸಿ, ಕುಟ್ಟಿ, ಎಳ್ಳಿನಂತೆ ಗಾಣಕ್ಕೆ ಹಾಕಬೇಕು. ಬಂದ ಎಣ್ಣೆಯನ್ನು ನೀರು ಆರುವ ತನಕ ಕಾಯಿಸಿ, ಸೆಗಣಿಯ ರಾಶಿಯೊಳಗೆ ಹದಿನೈದು ದಿನ ಹುಗಿದಿಡಬೇಕು. ಆ ಮೇಲೆ ರೋಗಿ ಅದನ್ನು ಕುಡಿಯಬೇಕು. ಹಚ್ಚುವುದಲ್ಲ, ಕುಡಿಯುವುದು. ಕುಡಿದರೆ ಮೇಲೂ ಕೆಳಗೂ ಹೋಗುತ್ತದೆಂದು ಸುಶ್ರುತನೇ ಎಚ್ಚರಿಸುತ್ತಾನೆ. ಅವನ ಲೆಕ್ಕದಲ್ಲಿ ಅದು ದೋಷ ಹೊರಬೀಳುವ ಗುರುತು. ಐದು ದಿನ ಎಣ್ಣೆ, ಒಂದು ಪಕ್ಷ ಹೆಸರುಬೇಳೆಯ ಕಟ್ಟು ಮತ್ತು ಅನ್ನ. ಕಗ್ಗಲಿಯ ಕಷಾಯದೊಡನೆ ಕಾಯಿಸಿದ ಎಣ್ಣೆಯನ್ನು ಒಂದು ತಿಂಗಳು ಕೊಡುವ ಇನ್ನೊಂದು ಕ್ರಮವೂ ಇದೆ. ಇಪ್ಪತ್ತನೆಯ ಶತಮಾನದ ವೈದ್ಯರಿಗೆ ಈ ಎಣ್ಣೆಯ ಗುಣ ಅರ್ಧ ಒಪ್ಪಿತವಾಯಿತು: ರೋಗ ಹೊಸದಾಗಿದ್ದರೆ ಮಚ್ಚೆಗಳು ಮಾಸುತ್ತಿದ್ದವು, ಹಳೆಯದಾಗಿದ್ದರೆ ಹೆಚ್ಚೇನೂ ಆಗುತ್ತಿರಲಿಲ್ಲ. ಇದಕ್ಕಿಂತ ದೊಡ್ಡ ತೊಡಕು ವಾಂತಿಯದು. ರೋಗಕ್ಕಿಂತ ಮದ್ದಿಗೇ ಹೆದರಿ ನಡುವೆ ಬಿಟ್ಟವರು ಎಲ್ಲ ದೇಶಗಳಲ್ಲೂ ಇದ್ದರು.

ಮದ್ದು ಕೈಕೊಟ್ಟ ಕಡೆ ದೈವ. ಸವದತ್ತಿಯ ಎಲ್ಲಮ್ಮನ ಐತಿಹ್ಯದಲ್ಲಿ ಗಂಡನ ಶಾಪಕ್ಕೆ ಗುರಿಯಾದ ರೇಣುಕೆಯ ಮೈ ಕುಷ್ಠದಿಂದ ಕೆಡುತ್ತದೆ. ಎಕ್ಕಯ್ಯ, ಜೋಗಯ್ಯ ಎಂಬ ಸಿದ್ಧರ ಮಾತಿನಂತೆ ಮಿಂದು ಅವಳು ಗುಣವಾಗುತ್ತಾಳೆ. ಅವಳು ಮಿಂದ ನೀರೆಂದು ಜೋಗುಳಬಾವಿಗೆ ಇಂದಿಗೂ ಚರ್ಮದ ಕಾಯಿಲೆಯವರು ಹೋಗುತ್ತಾರೆ. ಅದೇ ರೇಣುಕೆ ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಗುಹೆಯಲ್ಲಿ ರೇಣುಕಾಂಬೆ. ವರದಾ ನದಿಯಲ್ಲಿ ಮಿಂದು, ಬೇವಿನ ಸೊಪ್ಪು ಹಿಡಿದು ಗುಡ್ಡ ಏರುವ ಬೆತ್ತಲೆಸೇವೆಯ ಹರಕೆ ಅಲ್ಲಿ ನಡೆದುಬಂದಿತ್ತು. 1986ರ ಜಾತ್ರೆಯಲ್ಲಿ ಘರ್ಷಣೆಯಾದ ಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ಘಟ್ಟದ ಕೆಳಗೆ ಕುಕ್ಕೆ ಸುಬ್ರಹ್ಮಣ್ಯ. ಚರ್ಮರೋಗ ನಾಗನ ಮುನಿಸು ಎಂಬ ನಂಬಿಕೆಯವರಿಗೆ ಅಲ್ಲಿಯ ಹುತ್ತದ ಮಣ್ಣು, ಮೃತ್ತಿಕೆ, ಪ್ರಸಾದವೂ ಹೌದು ಮದ್ದೂ ಹೌದು. ಕಾಯಿಲೆ ಯಾರದೋ ಶಾಪ ಎಂದ ಮೇಲೆ ಕಾಯಿಲೆಯವನೇ ತಪ್ಪಿತಸ್ಥನಾಗುತ್ತಾನೆ. ದಾನಶಾಸನಗಳ ಕೊನೆಯ ಶಾಪವಾಕ್ಯಗಳಲ್ಲಿ ದತ್ತಿ ಕೆಡಿಸಿದವನು ಹುಳುವಾಗಿ ಹುಟ್ಟುತ್ತಾನೆಂದು ಬರೆಸಿದ ಸಮಾಜಕ್ಕೆ ಕೊಳೆಯುವ ಮೈ ಪಾಪದ ರಸೀದಿಯಂತೆ ಕಂಡದ್ದು ಆಶ್ಚರ್ಯವಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಶ್ನೆಯ ರೂಪ ಬದಲಾಯಿತು. 1854ರಲ್ಲಿ ಕಲ್ಕತ್ತದ ವೈದ್ಯ ಫ್ರೆಡರಿಕ್ ಮೌಆಟ್ ಇದೇ ಕುಲದ ಚಾಲ್ಮೊಗ್ರ ಎಣ್ಣೆಯ ಪ್ರಯೋಗವನ್ನು ಪ್ರಕಟಿಸಿ ಯುರೋಪಿನ ಕಣ್ಣು ಅತ್ತ ತಿರುಗಿಸಿದ. 1873ರಲ್ಲಿ ನಾರ್ವೆಯ ಬರ್ಗೆನ್ ಊರಿನಲ್ಲಿ ಆರ್ಮೌರ್ ಹ್ಯಾನ್ಸೆನ್ ರೋಗಿಯ ಗಂಟಿನಿಂದ ತೆಗೆದ ರಸದಲ್ಲಿ ಕಡ್ಡಿಯಾಕಾರದ ಜೀವಾಣು ಕಂಡ. ಮನುಷ್ಯನ ರೋಗಕ್ಕೆ ಕಾರಣವೆಂದು ಗುರುತಿಸಿದ ಮೊದಲ ಬ್ಯಾಕ್ಟೀರಿಯಗಳಲ್ಲಿ ಅದೊಂದು. ಮುಂಬಯಿ ಪ್ರಾಂತದ ವೈದ್ಯ ಹೆನ್ರಿ ವ್ಯಾಂಡೈಕ್ ಕಾರ್ಟರ್, ‘ಗ್ರೇಸ್ ಅನಾಟಮಿ’ಯ ಚಿತ್ರಗಳನ್ನು ಬರೆದವನೇ ಈತ, ಅದೇ ವರ್ಷ ನಾರ್ವೆಗೆ ಹೋಗಿ ಅಲ್ಲಿಯ ಕುಷ್ಠಾಶ್ರಮಗಳನ್ನು ನೋಡಿ ಬಂದು ಭಾರತಕ್ಕೂ ಅಂಥವು ಬೇಕೆಂದು ವಾದಿಸಿದ. ರೋಗ ವಂಶದಿಂದ ಬರುವುದೋ ಅಂಟಿನಿಂದ ಬರುವುದೋ ಎಂಬ ಜಗಳ ಇನ್ನೂ ಮುಗಿದಿರಲಿಲ್ಲ. 1890-91ರಲ್ಲಿ ದೇಶ ಸುತ್ತಿದ ಕುಷ್ಠ ಆಯೋಗ ಅಂಟುವ ಭಯ ಅಷ್ಟೇನೂ ಇಲ್ಲವೆಂದೇ ಹೇಳಿತು. ಆದರೂ 1898ರಲ್ಲಿ ಕುಷ್ಠರೋಗಿಗಳ ಕಾಯ್ದೆ ಬಂತು. ಬೀದಿಯಲ್ಲಿ ಬೇಡುವ ರೋಗಿಯನ್ನು ವಾರಂಟಿಲ್ಲದೆ ಹಿಡಿದು ಆಶ್ರಮಕ್ಕೆ ಸೇರಿಸಬಹುದು. ರೋಗಿ ತಿನ್ನುವ ಪದಾರ್ಥ ಮಾರುವಂತಿಲ್ಲ, ಸಾರ್ವಜನಿಕ ಬಾವಿ, ಕೆರೆಯಲ್ಲಿ ಮೀಯುವಂತಿಲ್ಲ, ಬಾಡಿಗೆ ಗಾಡಿ ಹೊಡೆಯುವಂತಿಲ್ಲ. ಕಾಯ್ದೆ ಬ್ರಿಟಿಷ್ ಆಡಳಿತದ ಪ್ರಾಂತಗಳದು. ಸೊರಬ, ಶಿಕಾರಿಪುರ ಮೈಸೂರು ಸಂಸ್ಥಾನದವು. ಕೂಗಳತೆಯ ಬನವಾಸಿ, ಶಿರಸಿ ಮುಂಬಯಿ ಪ್ರಾಂತದವು. ರೋಗಕ್ಕೆ ಈ ಗಡಿ ಗೊತ್ತಿರಲಿಲ್ಲ.

ಆಶ್ರಮಗಳನ್ನು ಕಟ್ಟಿದವರಲ್ಲಿ ಮಿಷನರಿಗಳೇ ಮುಂದು. ವೆಲೆಸ್ಲಿ ಬೈಲಿ 1874ರಲ್ಲಿ ಆರಂಭಿಸಿದ ಕುಷ್ಠರೋಗಿಗಳ ಮಿಷನ್ ದೇಶದುದ್ದಕ್ಕೂ ಹಬ್ಬಿತು. ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನ್ ಮೂಲದ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆಂದು ಹೋಮಿಯೋಪಥಿ ಔಷಧಾಲಯ ತೆರೆದು, ಮುಂದೆ ಕುಷ್ಠರೋಗಿಗಳಿಗೂ ನೆಲೆ ಮಾಡಿಕೊಟ್ಟರು. ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆ ಬೆಳೆದದ್ದು ಆ ಬೇರಿನಿಂದ. ನಿಜಾಮನ ಸಂಸ್ಥಾನದಲ್ಲಿ, ರಾಯಚೂರು, ಕಲಬುರಗಿ, ಬೀದರಗಳೂ ಅದಕ್ಕೇ ಸೇರಿದ್ದವು, ನಿಜಾಮಾಬಾದಿನ ಬಳಿಯ ಡಿಚ್‌ಪಳ್ಳಿಯ ಆಸ್ಪತ್ರೆಗೆ ಹೆಸರಿತ್ತು. ಆಶ್ರಮಗಳು ಅನ್ನ, ಸೂರು ಕೊಟ್ಟವು, ಹುಣ್ಣು ತೊಳೆದವು. ಕೋಡಿಯಮಠದ ಅಂಗಳಕ್ಕೂ ಇವಕ್ಕೂ ಇದ್ದ ವ್ಯತ್ಯಾಸ ಒಂದೇ, ಆದರೆ ದೊಡ್ಡದು: ಶಾಸನದ ಮಠಕ್ಕೆ ರೋಗಿ, ಕುಂಟ, ಕಥೆಗಾರ, ವಿದ್ಯಾರ್ಥಿ ಎಲ್ಲರೂ ಬರುತ್ತಿದ್ದರು, ಆಶ್ರಮದೊಳಗೆ ರೋಗಿಗಳು ಮಾತ್ರ ಉಳಿದರು.

ಮದ್ದಿನ ವಿಷಯದಲ್ಲಿ ಈ ಹೊತ್ತಿಗೆ ವೈದ್ಯರು ಒಳಮದ್ದನ್ನು ಕೈಬಿಟ್ಟು ಸೂಜಿ ಹಿಡಿದಿದ್ದರು. ಕುಡಿದ ಎಣ್ಣೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಚುಚ್ಚುವುದೇ ದಾರಿ. ಹವಾಯಿಯಲ್ಲಿ ಆಲಿಸ್ ಬಾಲ್ ಎಂಬ ಯುವ ರಸಾಯನಶಾಸ್ತ್ರಜ್ಞೆ 1915ರ ಹೊತ್ತಿಗೆ ಎಣ್ಣೆಯನ್ನು ಚುಚ್ಚುಮದ್ದಿಗೆ ಒಗ್ಗುವ ಈಥೈಲ್ ಎಸ್ಟರ್ ಆಗಿ ಮಾಡಿದಳು. 24ನೆಯ ವಯಸ್ಸಿಗೇ ತೀರಿಕೊಂಡಳು, ಕೀರ್ತಿ ಬಹುಕಾಲ ಬೇರೆಯವರ ಪಾಲಾಯಿತು. ಕಲ್ಕತ್ತದಲ್ಲಿ ಲಿಯೊನಾರ್ಡ್ ರೋಜರ್ಸ್, ಅರ್ನೆಸ್ಟ್ ಮ್ಯುಯಿರ್ ಇದೇ ಜಾಡಿನಲ್ಲಿ ದುಡಿದರು. ಮಲೆನಾಡಿನ ಹಳ್ಳದ ದಂಡೆಯ ಮರದ ಎಣ್ಣೆ ಹೀಗೆ ದೇಶದ ಕುಷ್ಠ ಆಸ್ಪತ್ರೆಗಳ ಸಿರಿಂಜಿಗೆ ಬಂತು. ವಾರಕ್ಕೊಮ್ಮೆ, ಮಚ್ಚೆಯ ಸುತ್ತಲೇ ಹತ್ತಾರು ಕಡೆ ಚುಚ್ಚುವುದು. ವರ್ಷಗಟ್ಟಲೆ ಹೀಗೆ ಚುಚ್ಚಿಸಿಕೊಳ್ಳಲು ಆಸ್ಪತ್ರೆಯ ಬಳಿಯೇ ಇರಬೇಕು. ಆಶ್ರಮದ ಗೋಡೆ ಮತ್ತೂ ಗಟ್ಟಿಯಾಯಿತು.

ಗೋಡೆಗೆ ಬಿರುಕು ಬಿಟ್ಟದ್ದು ಬಣ್ಣದ ಕಾರ್ಖಾನೆಗಳ ದೇಶದಲ್ಲಿ. 1908ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಎಮಿಲ್ ಫ್ರಾಮ್ ಮತ್ತು ಯಾಕೋಬ್ ವಿಟ್ಮನ್ ಒಂದು ಸಂಯುಕ್ತ ತಯಾರಿಸಿದರು. ಬಣ್ಣದ ರಸಾಯನದ ಹಾದಿಯಲ್ಲಿ ಸಿಕ್ಕ ಅದಕ್ಕೆ ರೋಗದ ಗೊಡವೆಯೇ ಇರಲಿಲ್ಲ. ಸುಮಾರು ಮೂವತ್ತು ವರ್ಷ ಅದು ಕಪಾಟಿನಲ್ಲಿತ್ತು. 1935ರಲ್ಲಿ ಗೆರ್ಹಾರ್ಡ್ ಡೊಮಾಕ್ ಪ್ರಾಂಟೊಸಿಲ್ ಎಂಬ ಕೆಂಪು ಬಣ್ಣ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯವನ್ನು ಅಡಗಿಸುತ್ತದೆಂದು ಪ್ರಕಟಿಸಿದ ಮೇಲೆ ಅದರ ನಂಟಸ್ತಿಕೆಯ ರಾಸಾಯನಿಕಗಳನ್ನೆಲ್ಲ ಹುಡುಕುವ ಗಡಿಬಿಡಿ ಎದ್ದಿತು. 1937ರಲ್ಲಿ ಹಳೆಯ ಫ್ರೈಬರ್ಗ್ ಸಂಯುಕ್ತವೂ ಹೊರಬಂದು ಇಲಿಗಳಲ್ಲಿ ಅದೇ ಸ್ಟ್ರೆಪ್ಟೊಕಾಕಸ್ ವಿರುದ್ಧ ಪರೀಕ್ಷೆಯಾಯಿತು. ಅದೇ ಡ್ಯಾಪ್ಸೋನ್. ಮಕ್ಕಳ ಕೀವುಗುಳ್ಳೆಗೆ ಕಾರಣವಾಗುವ ಜೀವಾಣುಗಳಲ್ಲಿ ಸ್ಟ್ರೆಪ್ಟೊಕಾಕಸ್ ಒಂದು. ಬಂದು ಹೋಗುವ ಸಣ್ಣ ಚರ್ಮರೋಗಕ್ಕೂ ಕಾರಣವಾಗುವ ಜೀವಾಣುವಿನ ವೈರಿಯನ್ನು ಹುಡುಕುತ್ತ ಮಹಾರೋಗದ ಮದ್ದು ಸಿಕ್ಕಿದ್ದು ಹೀಗೆ.

ಮೊದಲಿಗೆ ಡ್ಯಾಪ್ಸೋನನ್ನು ವಿಷವೆಂದೇ ದೂರವಿಟ್ಟರು. ಕೊಟ್ಟ ಪ್ರಮಾಣವೇ ವಿಪರೀತವಾಗಿತ್ತು. ಅದರ ಬದಲು ಅದರಿಂದ ಮಾಡಿದ ಪ್ರಾಮಿನ್ ಎಂಬ ಚುಚ್ಚುಮದ್ದನ್ನು ಅಮೆರಿಕದ ಕಾರ್ವಿಲ್ ಆಸ್ಪತ್ರೆಯಲ್ಲಿ ಗೈ ಫ್ಯಾಗೆಟ್ 1941ರಲ್ಲಿ ರೋಗಿಗಳಿಗೆ ಕೊಟ್ಟ, ಹುಣ್ಣು ಮಾಯತೊಡಗಿತು. ಮದ್ರಾಸಿನ ಬಳಿಯ ಚೆಂಗಲ್ಪಟ್ಟಿನಲ್ಲಿ ರಾಬರ್ಟ್ ಕಾಕ್ರೇನ್ ಡ್ಯಾಪ್ಸೋನನ್ನೇ ಎಣ್ಣೆಯಲ್ಲಿ ಬೆರೆಸಿ ಚುಚ್ಚಿ ನೋಡಿದ. ನುಂಗಿಸಿದರೂ ಸಾಕು, ಸ್ವಲ್ಪವೇ ಸಾಕು ಎಂದು 1940ರ ದಶಕದ ಕೊನೆಗೆ ತೋರಿಸಿಕೊಟ್ಟವರು ನೈಜೀರಿಯದ ಉಜುವಾಕೊಲಿಯಲ್ಲಿದ್ದ ಜಾನ್ ಲೋ ಮತ್ತು ಮೈಕೇಲ್ ಸ್ಮಿತ್. ಈ ಲೋ ಅದಕ್ಕೆ ಮುಂಚೆ ದುಡಿದದ್ದು ಡಿಚ್‌ಪಳ್ಳಿಯಲ್ಲಿ, ಕಲ್ಕತ್ತದಲ್ಲಿ. ಎಣ್ಣೆಯ ಚುಚ್ಚುಮದ್ದಿನ ಕಷ್ಟವನ್ನು ಕಣ್ಣಾರೆ ಕಂಡವನು. ದಿನಕ್ಕೆ 100 ಮಿಲಿಗ್ರಾಂ, ಒಂದು ಸಣ್ಣ ಬಿಳಿ ಮಾತ್ರೆ, ಬೆಲೆ ಪುಡಿಗಾಸು. ಅದನ್ನು ಜೇಬಿಗೆ ಹಾಕಿಕೊಂಡು ಊರಿಗೆ ಹೋಗಬಹುದು. ಕುಷ್ಠಾಶ್ರಮಗಳ ಚರಿತ್ರೆ ಮುಗಿಯತೊಡಗಿದ್ದು ಕಾನೂನಿನಿಂದಲ್ಲ, ಕರುಣೆಯಿಂದಲೂ ಅಲ್ಲ, ಈ ಜೇಬಿನಿಂದ.

1955ರಲ್ಲಿ ರಾಷ್ಟ್ರೀಯ ಕುಷ್ಠರೋಗ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಹುಡುಕು, ತಿಳಿಹೇಳು, ಮಾತ್ರೆ ಕೊಡು, ಇಷ್ಟೇ ಅದರ ಕ್ರಮ. ಸೊರಬದ ಹೆಸರು ಪ್ರಪಂಚದ ವೈದ್ಯಗ್ರಂಥಗಳಿಗೆ ಸೇರಿದ್ದೂ ಆ ದಶಕದಲ್ಲೇ, ಬೇರೊಂದು ಕಾರಣಕ್ಕೆ: 1957ರಲ್ಲಿ ಈ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಮಂಗನ ಕಾಯಿಲೆ ಪತ್ತೆಯಾಯಿತು. ವೈರಸ್ಸಿನ ಆ ಜ್ವರ ವಾರಗಳಲ್ಲಿ ಕೊಲ್ಲುತ್ತಿತ್ತು, ಸುದ್ದಿಯಾಗುತ್ತಿತ್ತು. ಕುಷ್ಠ ಹಾಗಲ್ಲ. ಅದರ ಜೀವಾಣು ಒಂದು ಎರಡಾಗಲು ಹನ್ನೆರಡು ಹದಿನಾಲ್ಕು ದಿನ ಬೇಕು. ಮೈ ಸೇರಿದ ಮೇಲೆ ಗುರುತು ತೋರಲು ಐದು ವರ್ಷವಾಗಬಹುದು, ಇಪ್ಪತ್ತೂ ಆಗಬಹುದು. ಅದನ್ನು ಹುಡುಕಿಕೊಂಡೇ ಹೋಗಬೇಕು.

ಹುಡುಕುವ ಕ್ರಮ ಬಹಳ ಸರಳ. ಬೆಳಕಿರುವ ಜಗುಲಿಯಲ್ಲಿ ಕೂರಿಸಿ ಬೆನ್ನು, ತೋಳು, ತೊಡೆ ನೋಡುತ್ತಾರೆ. ಸುತ್ತಲಿನ ಚರ್ಮಕ್ಕಿಂತ ತೆಳುಬಣ್ಣದ, ಅಥವಾ ತುಸು ಕೆಂಪಾದ, ಬೆವರದ, ರೋಮ ಉದುರಿದ ಮಚ್ಚೆಯಿದ್ದರೆ ರೋಗಿಗೆ ಕಣ್ಣು ಮುಚ್ಚಲು ಹೇಳುತ್ತಾರೆ. ಹತ್ತಿಯ ಎಳೆಯಿಂದಲೋ ಬಾಲ್‌ಪೆನ್ನಿನ ತುದಿಯಿಂದಲೋ ಮೆಲ್ಲನೆ ಮುಟ್ಟುತ್ತಾರೆ. ಮುಟ್ಟಿದ ಜಾಗಕ್ಕೆ ಬೆರಳಿಡಬೇಕು. ಮೊಣಕೈಗೆ ಇಟ್ಟದ್ದು ಸರಿಯಾಗುತ್ತದೆ, ಭುಜಕ್ಕೆ ಇಟ್ಟದ್ದು ಸರಿಯಾಗುತ್ತದೆ. ಮಚ್ಚೆಯನ್ನು ಮುಟ್ಟಿದಾಗ ಬೆರಳು ಏಳುವುದೇ ಇಲ್ಲ, ಯಾವಾಗ ಮುಟ್ಟುತ್ತೀರಿ ಎಂದು ರೋಗಿ ಕಾಯುತ್ತಲೇ ಇರುತ್ತಾನೆ. ಆಮೇಲೆ ಮೊಣಕೈಯ ಒಳಬದಿಯ ನರವನ್ನು ಹೆಬ್ಬೆರಳಿನಲ್ಲಿ ಉರುಳಿಸಿ ನೋಡುತ್ತಾರೆ, ಹುರಿಯಂತೆ ದಪ್ಪಗಾಗಿದೆಯೇ ಎಂದು. ಬೆರಳು ಮಡಚಿಕೊಳ್ಳುವುದು, ಪಾದದಲ್ಲಿ ಅರಿವಿಲ್ಲದೆ ಹುಣ್ಣಾಗುವುದು ಎಲ್ಲ ನರಗಳ ಕೇಡು. ಬೆರಳು ಉದುರುತ್ತವೆ ಎಂಬ ಮಾತು ತಪ್ಪು. ನೋವಿಲ್ಲದ ಬೆರಳಿಗೆ ಬಿಸಿ ಪಾತ್ರೆ, ಮುಳ್ಳು, ಹುಲ್ಲು ಕೊಯ್ಯುವ ಕತ್ತಿ ತಾಗಿದ್ದು ತಿಳಿಯುವುದಿಲ್ಲ. ಗಾಯದ ಮೇಲೆ ಗಾಯವಾಗಿ ಬೆರಳು ಸವೆಯುತ್ತದೆ.

ಡ್ಯಾಪ್ಸೋನಿನ ಕೊರತೆ ಎರಡು. ತೀವ್ರ ಬಗೆಯ ರೋಗಿ ಅದನ್ನು ಹತ್ತಾರು ವರ್ಷ, ಕೆಲವರು ಸಾಯುವ ತನಕ, ನುಂಗಬೇಕಿತ್ತು. ನೋವಿಲ್ಲದ ಕಾಯಿಲೆಗೆ ಅಷ್ಟು ಕಾಲ ಮಾತ್ರೆ ನುಂಗುವುದು ಸುಲಭವಲ್ಲ. ನಾಟಿ ಬಂದಾಗ ಒಂದು ತಿಂಗಳು, ಜಾತ್ರೆಗೆ ಹೋದಾಗ ಒಂದು ವಾರ ತಪ್ಪುತ್ತಿತ್ತು. ಎರಡನೆಯದು ಇದರ ಫಲ. ಮಲೇಷ್ಯದ ರೋಗಿಗಳಲ್ಲಿ ಡ್ಯಾಪ್ಸೋನಿಗೆ ಬಗ್ಗದ ಜೀವಾಣುಗಳಿವೆ ಎಂದು 1964ರಲ್ಲಿ ಖಚಿತವಾಯಿತು. ಒಂದೇ ಮದ್ದು ನೆಚ್ಚಿದರೆ ಸಾಲದೆಂದು ಅಲ್ಲಿಗೆ ಗೊತ್ತಾಯಿತು. ಜೊತೆಗೆ ಇನ್ನೆರಡು ಮದ್ದು ಒದಗಿದವು. ಕ್ಷಯಕ್ಕೆಂದು ಡಬ್ಲಿನ್ನಿನಲ್ಲಿ ವಿನ್ಸೆಂಟ್ ಬ್ಯಾರಿಯ ತಂಡ 1950ರ ದಶಕದಲ್ಲಿ ತಯಾರಿಸಿದ ಕ್ಲೊಫಜಿಮೈನ್. ಮತ್ತು ಫ್ರಾನ್ಸಿನ ಕಡಲತೀರದ ಮಣ್ಣಿನಲ್ಲಿ ಸಿಕ್ಕ ಜೀವಾಣುವಿನಿಂದ ಇಟಲಿಯ ಮಿಲಾನಿನಲ್ಲಿ ಬೆಳೆದುಬಂದ ರಿಫಾಂಪಿಸಿನ್. ಕಟ್ಟುನಿಟ್ಟಾಗಿ ಹೇಳುವುದಾದರೆ ಮೂರರಲ್ಲಿ ಜೀವಾಣುವಿನಿಂದ ಹುಟ್ಟಿದ ಆಂಟಿಬಯಾಟಿಕ್ ಇದೊಂದೇ, ಕುಷ್ಠದ ಜೀವಾಣುವನ್ನು ಬೇಗ ಕೊಲ್ಲುವುದೂ ಇದೇ. ಮೊದಲ ಕೆಲವು ದಿನಗಳಲ್ಲೇ ರೋಗಿ ಅಂಟಿಸುವವನಾಗಿ ಉಳಿಯುವುದಿಲ್ಲ.

ಮೂರನ್ನೂ ಕೂಡಿಸಿ ಕೊಡುವ ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1982ರಲ್ಲಿ ಮುಂದಿಟ್ಟಿತು. ಮರುವರ್ಷ ಭಾರತದ ಕಾರ್ಯಕ್ರಮದ ಹೆಸರಿನಲ್ಲಿ ‘ನಿಯಂತ್ರಣ’ ಹೋಗಿ ‘ನಿರ್ಮೂಲನ’ ಬಂತು. ಮಾತ್ರೆಗಳು ಪಟ್ಟಿಯಾಗಿ ಬರುತ್ತವೆ, ಇಪ್ಪತ್ತೆಂಟು ದಿನಕ್ಕೆ ಒಂದು. ದೊಡ್ಡವರ ತೀವ್ರ ಬಗೆಗೆ ಕೆಂಪು ಪಟ್ಟಿ, ಮಕ್ಕಳಿಗೆ ಹಳದಿ. ಸೌಮ್ಯ ಬಗೆಗೆ ದೊಡ್ಡವರಿಗೆ ಹಸಿರು, ಮಕ್ಕಳಿಗೆ ನೀಲಿ ಇತ್ತು. ಓದು ಬಾರದವರಿಗೂ ತಪ್ಪದ ಗುರುತು. ಕೆಂಪು ಪಟ್ಟಿಯ ಮೊದಲ ದಿನದ ಪಾಲು, ರಿಫಾಂಪಿಸಿನ್ 600 ಮಿಲಿಗ್ರಾಂ, ಕ್ಲೊಫಜಿಮೈನ್ 300, ಡ್ಯಾಪ್ಸೋನ್ 100, ಆರೋಗ್ಯ ಕಾರ್ಯಕರ್ತರ ಕಣ್ಣೆದುರೇ ನುಂಗಬೇಕು. ಉಳಿದ ದಿನ ಮನೆಯಲ್ಲಿ ದಿನಕ್ಕೊಂದು ಡ್ಯಾಪ್ಸೋನ್, 50 ಮಿಲಿಗ್ರಾಮಿನ ಒಂದು ಕ್ಲೊಫಜಿಮೈನ್. ಸೌಮ್ಯ ಬಗೆಗೆ ಆರು ಪಟ್ಟಿ. ತೀವ್ರ ಬಗೆಗೆ ಮೊದಲು ಇಪ್ಪತ್ತನಾಲ್ಕಿತ್ತು, 1990ರ ದಶಕದ ಕೊನೆಗೆ ಹನ್ನೆರಡಕ್ಕೆ ಇಳಿಯಿತು. ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಗಾಗುತ್ತದೆ, ಮೊದಲೇ ಹೇಳದಿದ್ದರೆ ರೋಗಿ ರಕ್ತವೆಂದು ಹೆದರಿ ಎಲ್ಲವನ್ನೂ ಎಸೆಯುತ್ತಾನೆ. ಕ್ಲೊಫಜಿಮೈನ್ ಮೈಬಣ್ಣವನ್ನು ಕಪ್ಪುಗೆಂಪಿಗೆ ತಿರುಗಿಸುತ್ತದೆ. ಮದ್ದು ನಿಲ್ಲಿಸಿದ ಮೇಲೆ ತಿಂಗಳುಗಳಲ್ಲಿ ಮಾಸುತ್ತದೆ. ಕಾಯಿಲೆ ಮುಚ್ಚಿಟ್ಟುಕೊಂಡವರನ್ನು ಮದ್ದಿನ ಬಣ್ಣವೇ ಬಯಲಿಗೆಳೆದದ್ದುಂಟು.

ಮಳೆಗಾಲದ ಕೀವುಗುಳ್ಳೆಯ ಮದ್ದೂ ಇದೇ ಅರ್ಧ ಶತಮಾನದಲ್ಲಿ ಬದಲಾಯಿತು. ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಕಂಡ ಪೆನಿಸಿಲಿನ್ ಎರಡನೆಯ ಮಹಾಯುದ್ಧದ ಹೊತ್ತಿಗೆ ಮದ್ದಾಯಿತು. ಸ್ವತಂತ್ರ ಭಾರತ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆ ಕಟ್ಟಿ 1955ರಿಂದ ಪೆನಿಸಿಲಿನ್ ತಯಾರಿಸಿತು. 1981ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಸ್ಯೂಟಿಕಲ್ಸ್ ಹುಟ್ಟಿತು. ನಾಲ್ಕಾರು ಗುಳ್ಳೆಯಿದ್ದರೆ ಹಕ್ಕಳೆ ನೆನೆಸಿ ತೆಗೆದು ಮುಲಾಮು ಹಚ್ಚುವುದೇ ಇಂದಿಗೂ ಸಾಕು. ಮೈತುಂಬ ಹರಡಿದ್ದರೆ, ಜ್ವರ ಬಂದರೆ, ಮನೆಯಲ್ಲಿ ಹಲವರಿಗೆ ಹತ್ತಿದರೆ ನುಂಗುವ ಆಂಟಿಬಯಾಟಿಕ್, ಸಾಮಾನ್ಯವಾಗಿ ಒಂದು ವಾರದ್ದು. ಹೊರಮದ್ದು ಎಲ್ಲಿಗೆ ನಿಲ್ಲಬೇಕು, ಒಳಮದ್ದು ಎಲ್ಲಿಂದ ಶುರುವಾಗಬೇಕು ಎಂಬ ಹಳೆಯ ಲೆಕ್ಕವೇ ಹೊಸ ಹೆಸರುಗಳಲ್ಲಿ ನಡೆದಿದೆ. ಡ್ಯಾಪ್ಸೋನಿನ ಕಥೆಯೂ ಇಲ್ಲಿ ಮರುಕಳಿಸಿತು: ಕೀವಿನ ಇನ್ನೊಂದು ಜೀವಾಣು ಸ್ಟೆಫಿಲೊಕಾಕಸ್ 1950ರ ದಶಕಕ್ಕೇ ಪೆನಿಸಿಲಿನ್ನಿಗೆ ಜಗ್ಗದಾಯಿತು. ಗುಳ್ಳೆ ಒಣಗಿತೆಂದು ಮೂರನೆಯ ದಿನಕ್ಕೆ ಮಾತ್ರೆ ನಿಲ್ಲಿಸಿ ಉಳಿದದ್ದನ್ನು ಮುಂದಿನ ಮಳೆಗಾಲಕ್ಕೆಂದು ಗೋಡೆಗೂಡಿನಲ್ಲಿಡುವ ರೂಢಿ ಇಂಥ ಜೀವಾಣುಗಳಿಗೆ ಸಾಕಿದ ಗೊಬ್ಬರ.

1981ರಲ್ಲಿ ದೇಶದ ಪ್ರತಿ ಹತ್ತು ಸಾವಿರ ಜನರಲ್ಲಿ 57ಕ್ಕೂ ಹೆಚ್ಚು ಕುಷ್ಠರೋಗಿಗಳಿದ್ದರು. 2005ರ ಡಿಸೆಂಬರಿನಲ್ಲಿ ಆ ಸಂಖ್ಯೆ ಒಂದಕ್ಕಿಂತ ಕೆಳಗಿಳಿಯಿತು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಕುಷ್ಠರೋಗಿಗಳ ಪುನರ್ವಸತಿಗೆಂದು 1978ರಲ್ಲಿ ಆರಂಭವಾದ ಸುಮನಹಳ್ಳಿಯ ಹೆಸರು ಇಂದು ಬಹಳ ಜನಕ್ಕೆ ಒಂದು ಮೇಲ್ಸೇತುವೆಯ ಹೆಸರು. ಮಾತ್ರೆಗಿಂತ ಕಾನೂನು ನಿಧಾನ. 1898ರ ಕಾಯ್ದೆ ರದ್ದಾದದ್ದು 2016ರಲ್ಲಿ. ಗಂಡನಿಗೋ ಹೆಂಡತಿಗೋ ಕುಷ್ಠವಿದೆಯೆಂಬುದು ವಿಚ್ಛೇದನಕ್ಕೆ ಕಾರಣವಾಗದಂತೆ ತಿದ್ದುಪಡಿ ಬಂದದ್ದು 2019ರಲ್ಲಿ. ‘ನಿರ್ಮೂಲನ’ದ ಘೋಷಣೆಯಿಂದ ಒಂದು ಕೆಡುಕೂ ಆಯಿತು: ರೋಗ ಇಲ್ಲವೇ ಇಲ್ಲವೆಂದು ಜನ ತಿಳಿದರು, ಹೊಸ ವೈದ್ಯರಲ್ಲೂ ಕೆಲವರು ತಿಳಿದರು. ಪ್ರಪಂಚದ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈಗಲೂ ಭಾರತದವರು. ಗಾಂಧೀಜಿ ತೀರಿಕೊಂಡ ಜನವರಿ 30ರಿಂದ ಪ್ರತಿವರ್ಷ ಹಳ್ಳಿಗಳಲ್ಲಿ ಜಾಗೃತಿ ನಡೆಯುತ್ತದೆ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮಚ್ಚೆ ಹುಡುಕುತ್ತಾರೆ, ರೋಗಿಯ ಮನೆಯವರಿಗೆ ಮುನ್ನೆಚ್ಚರಿಕೆಯಾಗಿ ಒಂದು ಬಾರಿಯ ರಿಫಾಂಪಿಸಿನ್ ಕೊಡುತ್ತಾರೆ. ಮುಟ್ಟಿದ್ದು ತಿಳಿಯದ ಮಚ್ಚೆ ಮೈಮೇಲೆ ಇದ್ದವರು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿಕೊಂಡರೆ ಮಾತ್ರೆ ಪಟ್ಟಿಗೆ ಕಾಸು ಕೊಡಬೇಕಾಗಿಲ್ಲ.